ದಿನಕ್ಕೆ ಒಂದು ಡಾಲರ್ ವ್ಯಾನ್: ಕ್ವೀನ್ಸ್‌ಟೌನ್‌ನಿಂದ ಆಕ್ಲೆಂಡ್‌ಗೆ ಏಳು ದಿನ

ಯುಗಾದಿ ಊಟಕ್ಕೆ ಕೂತಾಗ ಈ ಪ್ಲಾನ್ ಹೇಳಿದೆ: ಮಲಗೋಕೆ, ಅಡುಗೆಗೆ ಜಾಗ ಇರುವ ವ್ಯಾನಿನಲ್ಲಿ ನ್ಯೂಜಿಲೆಂಡ್‌ನ ದಕ್ಷಿಣದಿಂದ ಉತ್ತರಕ್ಕೆ. ಪಕ್ಕದಲ್ಲಿದ್ದ ಮೂವರೂ ನಂಬಲಿಲ್ಲ. "ದಿನಕ್ಕೆ ಒಂದು ಡಾಲರ್‌ಗೆ ಕ್ಯಾಂಪರ್‌ವ್ಯಾನ್ ಕೊಡ್ತಾರೆ ಅಂದ್ರೆ ಎಲ್ಲೋ ಏನೋ ಇದೆ, ಹುಷಾರು" ಅಂದರು. ಅವರ ಮಾತಲ್ಲಿ ಅರ್ಧ ನಿಜ ಇತ್ತು, ಯಾಕಂದ್ರೆ ಅದಕ್ಕೂ ಮುಂಚೆ ಎರಡು ಸಲ ನಾನು ಕೈ ಸುಟ್ಟುಕೊಂಡಿದ್ದೆ. ಮೂರನೇ ಸಲ ಆಯಿತು. ಶಿವಮೊಗ್ಗದ ಸಾಗರದಿಂದ ಬಂದಿದ್ದ ಗೆಳೆಯನ ಜೊತೆ ಏಪ್ರಿಲ್‌ನಲ್ಲಿ ಏಳು ದಿನ, ಸುಮಾರು 1,600 ಕಿಲೋಮೀಟರ್, ಎರಡು ದೊಡ್ಡ ಚಾರಣ, ನಡುವೆ ಒಂದು ಸಮುದ್ರ. ತಲೆಗೆ 800 ನ್ಯೂಜಿಲೆಂಡ್ ಡಾಲರ್. ನಮ್ಮ ರೂಪಾಯಿಯಲ್ಲಿ 40 ಸಾವಿರದ ಆಸುಪಾಸು ಅಂತಿಟ್ಟುಕೊಳ್ಳಿ.

ಇದಕ್ಕೆ ರೀಲೊಕೇಶನ್ ಅಂತಾರೆ. ಟೂರಿಸ್ಟ್‌ಗಳು ಆಕ್ಲೆಂಡ್‌ನಲ್ಲಿ ವ್ಯಾನ್ ತಗೊಂಡು ದಕ್ಷಿಣದಲ್ಲಿ ಬಿಟ್ಟು ಹೋಗುತ್ತಾರೆ, ಅದನ್ನು ವಾಪಸ್ ತರೋಕೆ ಕಂಪನಿಗೆ ಯಾರಾದರೂ ಬೇಕು. ಅದಕ್ಕೇ ಇಷ್ಟು ಅಗ್ಗ. ಆದರೆ ತಲುಪಿಸೋಕೆ ಕೊಡೋದು ಕೆಲವೇ ದಿನ, ಕಷ್ಟ ಇರೋದು ಆ ಲೆಕ್ಕದಲ್ಲಿ.

ಮೊದಲ ಸಲ ನಾನು ವಿಮಾನದ ಟಿಕೆಟ್ ಮೊದಲು ತಗೊಂಡೆ. ವ್ಯಾನ್ ಹೇಗೂ ಸಿಗುತ್ತೆ ಅಂದುಕೊಂಡೆ. ಸಿಗಲಿಲ್ಲ. ಕ್ವೀನ್ಸ್‌ಟೌನ್‌ನಲ್ಲಿ ಇಳಿದು ಪೂರ್ತಿ ಬಾಡಿಗೆಗೆ ಕಾರು ತಗೊಂಡು, ಹೋಟೆಲಿಗೆ ದುಡ್ಡು ಸುರಿದು, ಹತ್ತಿರ ಹತ್ತಿರ 1,900 ಡಾಲರ್ ಹೋಯಿತು. ಎರಡನೇ ಸಲ ವ್ಯಾನ್ ಸಿಕ್ಕಿತು, ಆದರೆ ಬರೀ ಎರಡು ದಿನ. ಹಗಲು ರಾತ್ರಿ ಓಡಿಸಿದೆ, ಏನೂ ನೋಡಲಿಲ್ಲ, ಮೂರು ಗಂಟೆ ತಡವಾಗಿದ್ದಕ್ಕೆ ಒಂದು ದಿನದ ಬಾಡಿಗೆ ಹಾಕಿದರು. ಅದರ ಮೇಲೆ ಡೀಸೆಲ್ ತೆರಿಗೆ. ಇದನ್ನು ತುಂಬಾ ಜನ ಮರೆಯುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಡೀಸೆಲ್ ಗಾಡಿಗೆ ರಸ್ತೆ ತೆರಿಗೆ ಪಂಪ್ ರೇಟಿನಲ್ಲಿ ಸೇರಿರಲ್ಲ, ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಕಟ್ಟಬೇಕು. ಕಂಪನಿ ಅದನ್ನು ನೂರು ಕಿಲೋಮೀಟರಿಗೆ ಎಂಟು ಡಾಲರ್ ಥರ ಕೊನೆಯಲ್ಲಿ ವಸೂಲು ಮಾಡುತ್ತೆ. ಡೀಸೆಲ್ ಅಗ್ಗ ಅಂತ ಖುಷಿಪಟ್ಟಿದ್ದೆಲ್ಲ ಅಲ್ಲಿಗೆ ಮುಗಿಯಿತು.

ಹಾಗಾಗಿ ಈ ಸಲ ವ್ಯಾನ್ ಕೈಗೆ ಬರೋವರೆಗೆ ಬೇರೇನೂ ಬುಕ್ ಮಾಡಲಿಲ್ಲ. ಹದಿಮೂರು ದಿನ ರೀಲೊಕೇಶನ್ ವ್ಯಾನ್‌ಗಳ ಪಟ್ಟಿ ನೋಡಿದೆ. ಯಾವ ವಾರ, ಯಾವ ಹೊತ್ತಿಗೆ ಒಳ್ಳೆಯವು ಬರುತ್ತವೆ ಅನ್ನೋದು ನನಗೀಗ ಚೆನ್ನಾಗಿ ಗೊತ್ತು, ಅದನ್ನು ಇಲ್ಲಿ ಬರೆಯಲ್ಲ, ಇನ್ನೂ ಒಂದೆರಡು ಟ್ರಿಪ್ ನನಗೇ ಬೇಕು. ಐದು ದಿನ ಒಂದೊಂದು ಡಾಲರ್, ಮೇಲೆ ಎರಡು ದಿನ 80 ಡಾಲರ್‌ನಂತೆ ಕೊಂಡುಕೊಂಡೆ. ಆ ಎರಡು ದಿನವೇ ಇಡೀ ಟ್ರಿಪ್ ಉಳಿಸಿದ್ದು. ದಕ್ಷಿಣ ದ್ವೀಪದಿಂದ ಉತ್ತರ ದ್ವೀಪಕ್ಕೆ ಗಾಡಿ ಸಮೇತ ದಾಟಿಸುವ ಹಡಗು, ಅಂದರೆ ಫೆರ್ರಿಯಲ್ಲಿ ವ್ಯಾನ್ ಮತ್ತು ಡ್ರೈವರ್ ಟಿಕೆಟ್ ಕಂಪನಿಯದು, ಇನ್ನೊಬ್ಬರ 70 ಡಾಲರ್ ನಮ್ಮದು. ಆಮೇಲೆ ಕ್ವೀನ್ಸ್‌ಟೌನ್‌ಗೆ ವಿಮಾನ, ಬರೀ ಏಳು ಕೆಜಿ ಬ್ಯಾಗ್.

ಗೆಳೆಯ ಆಕ್ಲೆಂಡ್‌ಗೆ ಬಂದಿಳಿಯುವಾಗ ಚಟ್ನಿಪುಡಿ, ಉಪ್ಪಿನಕಾಯಿ, ಟ್ರೆಕ್ಕಿಂಗ್ ಬೂಟು ಎಲ್ಲವನ್ನೂ ವಿಮಾನ ನಿಲ್ದಾಣದ ತಪಾಸಣೆ ಫಾರ್ಮಿನಲ್ಲಿ ಬರೆದಿದ್ದ. ಬೂಟನ್ನು ಊರಲ್ಲೇ ಬ್ರಷ್ ಹಾಕಿ ತೊಳೆಸಿದ್ದೆ. ಅಧಿಕಾರಿಗಳು ತಿರುಗಿಸಿ ನೋಡಿ ಬಿಟ್ಟರು. ಬರೆಯದೆ ಸಿಕ್ಕಿಬಿದ್ದರೆ 400 ಡಾಲರ್ ದಂಡ. ಅವನ ಲೈಸೆನ್ಸ್ ಇಂಗ್ಲಿಷಿನಲ್ಲಿತ್ತು, ಇಲ್ಲೂ ಎಡಗಡೆ ಓಡಿಸೋದು, ಹಾಗಾಗಿ ಎರಡನೇ ಡ್ರೈವರ್ ಆಗಿ ಹೆಸರು ಸೇರಿಸಿದೆ. ಇಬ್ಬರು ಓಡಿಸದಿದ್ದರೆ ಈ ವೇಗ ಸಾಧ್ಯವೇ ಇಲ್ಲ.

ಮೊದಲ ದಿನ ಮಧ್ಯಾಹ್ನ ಕ್ವೀನ್ಸ್‌ಟೌನ್‌ನಲ್ಲಿ ವ್ಯಾನ್ ತಗೊಂಡು ವನಾಕ ಊರು. ಬೆಳಗಿನ ಜಾವ ಮೂರೂವರೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ರಾಯ್ಸ್ ಪೀಕ್ ಬೆಟ್ಟಕ್ಕೆ. ಹೋಗಿಬರೋಕೆ 16 ಕಿಲೋಮೀಟರ್, ತುದಿ 1,578 ಮೀಟರ್. ದಾರಿ ಅಂದರೆ ಸುಮ್ನೆ ಏರುತ್ತಲೇ ಇರುತ್ತೆ, ಎಲ್ಲೂ ಸಮತಟ್ಟು ಇಲ್ಲ. ಕೊಡಚಾದ್ರಿ ಹತ್ತಿದ ಕಾಲು ಅವನದು, ನನಗಿಂತ ಮುಂದೆ ಹೋದ. ಏಳೂಕಾಲರ ಹೊತ್ತಿಗೆ ಸರೋವರದ ಆಚೆಯ ಬೆಟ್ಟಗಳ ಮೇಲೆ ಬೆಳಕು ಬಿತ್ತು. ಹನ್ನೊಂದಕ್ಕೆಲ್ಲ ಕೆಳಗಿಳಿದು ಹಾಸ್ಟ್ ಪಾಸ್ ಘಾಟಿ ರಸ್ತೆ ಹಿಡಿದೆವು.

"ಇದು ಥೇಟ್ ಆಗುಂಬೆ ಘಾಟಿ ಮಾರಾಯ" ಅಂದ. ನಿಜ, ಅದೇ ಒದ್ದೆ ಕಾಡು, ಬಂಡೆಯಿಂದ ಇಳಿಯೋ ನೀರು. ವ್ಯತ್ಯಾಸ ಅಂದರೆ ಅಲ್ಲಿ ಉಂಬಳ, ಇಲ್ಲಿ ಸ್ಯಾಂಡ್‌ಫ್ಲೈ. ಕಪ್ಪು ಬಣ್ಣದ ಸಣ್ಣ ನೊಣ, ನೀವು ನಿಂತ ಕೂಡಲೇ ಮುತ್ತುತ್ತೆ. ಇದರ ಮೇಲೆ ಒಂದು ಪ್ರಯೋಗ ಮಾಡಿದೆ. ಎಡಗೈಗೆ ಬರೀ ಕೊಬ್ಬರಿ ಎಣ್ಣೆ, ಬಲಗೈಗೆ ಅದರ ಜೊತೆ ಡೆಟಾಲ್ ಬೆರೆಸಿ. ಎಡಗೈ ಎಣ್ಣೆಯಲ್ಲಿ ನೊಣ ಅಂಟಿಕೊಂಡವು, ಆದರೂ ಏಳೆಂಟು ಕಡೆ ಕಚ್ಚಿದ್ದವು. ಬಲಗೈಯಲ್ಲಿ ಎರಡು. ಅಳತೆ ನಾನು ಮೂರಕ್ಕೆ ಒಂದು ಹಾಕಿದ್ದೆ, ಚರ್ಮ ಉರಿದರೆ ಡೆಟಾಲ್ ಕಮ್ಮಿ ಮಾಡಿ. ಕತ್ತಲಾದ ಮೇಲೆ ಅವು ಕಚ್ಚಲ್ಲ, ಹಾಗಾಗಿ ಹೊರಗೆ ಅಡುಗೆ ಇದ್ದರೆ ರಾತ್ರಿಗೆ ಇಟ್ಟುಕೊಳ್ಳಿ.

ಅಡುಗೆ ಅಂದರೆ, ವ್ಯಾನಿನ ತೆಳು ಬಾಣಲೆಯಲ್ಲಿ ಅಕ್ಕಿ ರೊಟ್ಟಿ ಮಾಡಲು ಹೋಗಿ ಎರಡು ಸಲ ಸೀದುಹೋಯಿತು. ಗೆದ್ದಿದ್ದು ಗಟ್ಟಿ ಅವಲಕ್ಕಿ. ತೊಳೆದು, ಮೊಸರು ಹಾಕಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟು ಹೊರಟರೆ ಎರಡು ಗಂಟೆ ಡ್ರೈವಿನಲ್ಲಿ ತಾನೇ ನೆನೆದಿರುತ್ತೆ, ಮೇಲೆ ಚಟ್ನಿಪುಡಿ. ಗ್ಯಾಸ್ ಬೇಡ, ನಿಲ್ಲಿಸೋದೂ ಬೇಡ.

ಮೂರನೇ ದಿನ ಹೊಕಿಟಿಕ ದಾಟಿ ಪುನಕೈಕಿ. ದೋಸೆ ಒಂದರ ಮೇಲೊಂದು ಪೇರಿಸಿದಂಥ ಬಂಡೆಗಳು, ಸಂದಿಯಿಂದ ಸಮುದ್ರ ಚಿಮ್ಮುತ್ತೆ. ಭರತದ ಹೊತ್ತು ನೋಡಿಕೊಂಡು ಹೋಗಿ, ಇಲ್ಲದಿದ್ದರೆ ಬರೀ ಕಲ್ಲು. ನಾಲ್ಕನೇ ದಿನ ಪೂರ್ತಿ ಮಳೆ, ಬುಲರ್ ಕಣಿವೆಯಲ್ಲಿ ಐವತ್ತರ ವೇಗ. ಅಲ್ಲಿ ನದಿ ಪಕ್ಕ ಊಟಕ್ಕೆ ನಿಲ್ಲಿಸಿದ ಜಾಗ ಮಾತ್ರ ನನ್ನ ಹತ್ತಿರವೇ ಇರಲಿ. ಸಂಜೆ ಪಿಕ್ಟನ್, ಐದನೇ ದಿನ ಬೆಳಿಗ್ಗೆ ಫೆರ್ರಿ. ವ್ಯಾನಿನ ಗ್ಯಾಸ್ ಸಿಲಿಂಡರ್ ಬಂದ್ ಮಾಡಿ ಹತ್ತಬೇಕು, ನೆನಪಿರಲಿ. ಮೂರೂವರೆ ಗಂಟೆ ಮಲಗಿದೆವು, ವೆಲಿಂಗ್ಟನ್‌ನಲ್ಲಿ ಇಳಿದು ಟೊಂಗರಿರೊ ಕಡೆಗೆ ನಿಲ್ಲದೆ 320 ಕಿಲೋಮೀಟರ್.

ಆರನೇ ದಿನ ಟೊಂಗರಿರೊ, ಜ್ವಾಲಾಮುಖಿ ಬೆಟ್ಟಗಳ ನಡುವಿನ ಚಾರಣ. ಎಲ್ಲರೂ ಇದಕ್ಕೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ ಅಂದಿದ್ದರು, ನಮಗೆ ಇರಲಿಲ್ಲ. ಗಾಳಿ ಜಾಸ್ತಿ ಇದ್ದರೆ ಚಾರಣದ ದಾರಿಗೆ ಬಿಟ್ಟು ಕರೆತರುವ ಶಟಲ್ ಬಸ್ ರದ್ದು. ಹಾಗಾಗಿ ಹಿಂದಿನ ಸಂಜೆ ಹವಾಮಾನ ನೋಡಿದ ಮೇಲೇ ಶಟಲ್ ಬುಕ್ ಮಾಡಿದೆ, ಇಬ್ಬರಿಗೆ ನೂರು ಡಾಲರ್. ಮಳೆ ಪೂರ್ವಕ್ಕೆ ಸರಿದಿತ್ತು. ಮಂಗಟೆಪೊಪೊದಿಂದ ಕೆಟೆಟಾಹಿಗೆ ಸುಮಾರು 20 ಕಿಲೋಮೀಟರ್. ರೆಡ್ ಕ್ರೇಟರ್ ಹತ್ತಿರ 1,886 ಮೀಟರ್, ನೆಲದಿಂದ ಹಬೆ, ಮೂಗಿಗೆ ಗಂಧಕದ ವಾಸನೆ. ಅಲ್ಲಿಂದ ಹಸಿರು ಕೆರೆಗಳ ಕಡೆ ಇಳಿಯೋ ಜಾಗದಲ್ಲಿ ಬರೀ ಸಡಿಲ ಜಲ್ಲಿ. ತುಂಬಾ ಜನ ಅಲ್ಲೇ ಹಿಂದಕ್ಕೆ ವಾಲಿ ಬೀಳುತ್ತಾರೆ. ಮೈ ಸ್ವಲ್ಪ ಮುಂದಕ್ಕೆ ಹಾಕಿ, ಹಿಮ್ಮಡಿ ಊರಿ, ಹೆಜ್ಜೆ ಜಾರೋದಕ್ಕೆ ಬಿಟ್ಟುಬಿಡಬೇಕು. ಒಂದೊಂದು ಹೆಜ್ಜೆಗೂ ಮೊಣಕಾಲುದ್ದ ಕೆಳಗೆ ಹೋಗುತ್ತಿದ್ದೆವು, ಬೂಟಿನೊಳಗೆ ಬೂದಿ ಬಣ್ಣದ ಪುಡಿ ತುಂಬಿತು. ಕೆರೆ ನೀರು ಮುಟ್ಟಲಿಲ್ಲ, ಮಾವೊರಿ ಜನರಿಗೆ ಅದು ಪವಿತ್ರ. ಆರು ಗಂಟೆ ಐವತ್ತು ನಿಮಿಷಕ್ಕೆ ಮುಗಿಸಿದೆವು, ಶಟಲ್‌ನವನು ಇಷ್ಟು ಬೇಗ ಬಂದ್ರಾ ಅಂದ.

ಏಳನೇ ದಿನ ಬೆಳಿಗ್ಗೆ ಟೌಪೊದಲ್ಲಿ, ಬಿಸಿ ತೊರೆ ವೈಕಾಟೊ ನದಿಗೆ ಸೇರುವ ಕಡೆ, ಕಾಲು ಇಳಿಬಿಟ್ಟು ಕೂತೆವು. ಬಿಟ್ಟಿ. ಬಿಸಿ ನೀರಿನಲ್ಲಿ ತಲೆ ಮುಳುಗಿಸಬೇಡಿ, ಮೂಗಿನಿಂದ ಅಮೀಬಾ ಹೋಗುವ ಅಪಾಯ ಇದೆ.

ಇಬ್ಬರದೂ ಸೇರಿ ಖರ್ಚು, ಡಾಲರ್‌ನಲ್ಲಿ, ನೆನಪಿನಿಂದ: ವ್ಯಾನ್ 165, ಡೀಸೆಲ್ 340, ಕಿಲೋಮೀಟರ್ ತೆರಿಗೆ 130, ಇನ್ಶೂರೆನ್ಸ್ 245, ಕ್ಯಾಂಪ್ 110, ಊಟ 200, ವಿಮಾನ ಇಬ್ಬರಿಗೆ 240, ಜೊತೆಗೆ ಫೆರ್ರಿ, ಶಟಲ್. ಇನ್ಶೂರೆನ್ಸ್ ಉಳಿಸೋಕೆ ಹೋಗಬೇಡಿ, ಮೂರು ಸಾವಿರದ ಡಿಪಾಸಿಟ್ ತಲೆ ಮೇಲೆ ಇಟ್ಟುಕೊಂಡು ಆ ಘಾಟಿಗಳಲ್ಲಿ ನೆಮ್ಮದಿಯಾಗಿ ಓಡಿಸೋಕಾಗಲ್ಲ.

ಮೂರು ಗಂಟೆಯ ಗಡುವಿಗೆ ಎರಡೂ ನಲವತ್ತಕ್ಕೆ ವ್ಯಾನ್ ಒಪ್ಪಿಸಿದೆವು. ಕೌಂಟರಿನ ಹುಡುಗಿ ಮೀಟರ್ ಬರೆದುಕೊಂಡಳು, ಒಂದು ಗೀರೂ ಇರಲಿಲ್ಲ. ಯುಗಾದಿ ಊಟದಲ್ಲಿ ಹುಷಾರು ಅಂದ ಮೂವರಲ್ಲಿ ಇಬ್ಬರು ಈಗ ದಿನಾ ಪಟ್ಟಿ ನೋಡುತ್ತಿದ್ದಾರೆ.