ಅಳಿವಿನಂಚಿನ ಉಷ್ಣವಲಯದ ಹಕ್ಕಿಗಳು: ಅಂಚೆಚೀಟಿ ಮತ್ತು ಲಕೋಟೆಗಳನ್ನು ಸಂಗ್ರಹಿಸುವ ಬಗೆ

ಹಕ್ಕಿಗಳ ಚಿತ್ರವಿರುವ ಅಂಚೆಚೀಟಿಗಳು ಸಾವಿರಗಟ್ಟಲೆ ಇವೆ. ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೂಡಿಹಾಕುತ್ತ ಹೋದರೆ ಆಲ್ಬಮ್ ತುಂಬುತ್ತದೆಯೇ ಹೊರತು ಸಂಗ್ರಹಕ್ಕೊಂದು ರೂಪ ಬರುವುದಿಲ್ಲ. ಆದ್ದರಿಂದ ಮೊದಲು ಬರೆದುಕೊಳ್ಳಬೇಕಾದದ್ದು ಚೀಟಿಗಳ ಪಟ್ಟಿಯಲ್ಲ, ಹಕ್ಕಿಗಳ ಪಟ್ಟಿ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಇದಕ್ಕೆ ಆಧಾರ. ಆ ಪಟ್ಟಿಗಾಗಿ ಹಕ್ಕಿಗಳ ಸ್ಥಿತಿಯನ್ನು ನಿರ್ಧರಿಸುವ ಸಂಸ್ಥೆ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್. ಅಪಾಯಕ್ಕೆ ತುತ್ತಾಗಬಲ್ಲವು, ಅಪಾಯದಲ್ಲಿರುವವು, ತೀವ್ರ ಅಪಾಯದಲ್ಲಿರುವವು ಎಂಬ ಮೂರು ವರ್ಗಗಳನ್ನಷ್ಟೇ ತೆಗೆದುಕೊಳ್ಳುವುದು ಒಳ್ಳೆಯದು. ಹೀಗೆ ಗೆರೆ ಎಳೆದರೆ ಪ್ರೀತಿಯ ಕೆಲವು ಹಕ್ಕಿಗಳು ಹೊರಗುಳಿಯುತ್ತವೆ. 1879ರಲ್ಲೇ ಗ್ವಾಟೆಮಾಲಾದ ಚೀಟಿಯನ್ನೇರಿದ ಕ್ವೆಟ್ಜಾಲ್ ಹಕ್ಕಿ ಈ ವರ್ಗಗಳ ಹೊಸ್ತಿಲಲ್ಲಿದೆ, ಒಳಗಿಲ್ಲ. ಮನಸ್ಸಿಗೆ ಕಷ್ಟವಾದರೂ ಅದನ್ನು ಬಿಡಬೇಕೆಂದೇ ನನ್ನ ಅಭಿಪ್ರಾಯ.

ಒಂದು ಹಕ್ಕಿಗೆ ಒಂದು ಪುಟ ಮೀಸಲಿಡಿ. ಪುಟದ ಮೇಲೆ ಹಕ್ಕಿಯ ವೈಜ್ಞಾನಿಕ ಹೆಸರು, ವಾಸಸ್ಥಾನ, ಚೀಟಿ ಹೊರಬಂದ ವರ್ಷ ಇವುಗಳ ಜೊತೆಗೆ ಆ ವರ್ಷ ಹಕ್ಕಿ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನೂ ಬರೆಯಬೇಕು. ಈ ಸಂಗ್ರಹದ ಜೀವಾಳವಿರುವುದು ಇಲ್ಲಿಯೇ. ಮಾರಿಷಸ್ 1985ರಲ್ಲಿ ತನ್ನ ಗುಲಾಬಿ ಪಾರಿವಾಳದ ನಾಲ್ಕು ಚೀಟಿಗಳನ್ನು ವಿಶ್ವ ವನ್ಯಜೀವಿ ನಿಧಿಯ ಪಾಂಡಾ ಲಾಂಛನದೊಂದಿಗೆ ಹೊರತಂದಿತು. ಅದಾಗಿ ಐದಾರು ವರ್ಷಗಳಲ್ಲಿ ಕಾಡಿನಲ್ಲಿ ಉಳಿದಿದ್ದ ಪಾರಿವಾಳಗಳು ಹತ್ತರ ಆಸುಪಾಸು. ಪಂಜರದಲ್ಲಿ ಸಾಕಿ ಮರಿ ಮಾಡಿಸಿ ಕಾಡಿಗೆ ಬಿಡುವ ಕೆಲಸ ಫಲಿಸಿದ್ದರಿಂದ 2000ದಲ್ಲಿ ತೀವ್ರ ಅಪಾಯದ ವರ್ಗದಿಂದ ಅದು ಹೊರಬಂತು, 2018ರಲ್ಲಿ ಇನ್ನೊಂದು ಮೆಟ್ಟಿಲು ಸುಧಾರಿಸಿತು. ಅದೇ ದ್ವೀಪದ ಚಾಣ 1974ರಲ್ಲಿ ಕಾಡಿನಲ್ಲಿ ಕೇವಲ ನಾಲ್ಕು ಉಳಿದಿತ್ತು. ಆಮೇಲೆ ಚೇತರಿಸಿಕೊಂಡರೂ 2014ರಲ್ಲಿ ಮತ್ತೆ ಅಪಾಯದ ವರ್ಗಕ್ಕೆ ಜಾರಿತು. ಹೀಗಾಗಿ ಸ್ಥಿತಿಯನ್ನು ಶಾಯಿಯಲ್ಲಲ್ಲ, ಪೆನ್ಸಿಲಿನಲ್ಲಿ ಬರೆದು, ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ.

ಲಕೋಟೆಗಳಲ್ಲಿ ಸುಲಭವಾಗಿ ಸಿಗುವುದು ಮೊದಲ ದಿನದ ಲಕೋಟೆ, ಅಂದರೆ ಚೀಟಿ ಬಿಡುಗಡೆಯಾದ ದಿನದ ಮುದ್ರೆಯಿರುವ ಲಕೋಟೆ. ಚಿತ್ರದ ಕಾರ್ಡಿನ ಮೇಲೆ ಅದೇ ಹಕ್ಕಿಯ ಚೀಟಿ ಅಂಟಿಸಿ ಮುದ್ರೆ ಹೊಡೆಸಿದ ಮ್ಯಾಕ್ಸಿಮಮ್ ಕಾರ್ಡ್ ಕೂಡ ಚೆನ್ನಾಗಿಯೇ ಇರುತ್ತದೆ. ಆದರೆ ನನಗೆ ಇವೆರಡಕ್ಕಿಂತಲೂ ಹಿರಿದಾಗಿ ಕಾಣುವುದು ಅಂಚೆಯಲ್ಲಿ ನಿಜವಾಗಿ ಪ್ರಯಾಣ ಮಾಡಿದ ಲಕೋಟೆ. ಪೆಸಿಫಿಕ್ ಸಾಗರದ ದ್ವೀಪ ನ್ಯೂ ಕ್ಯಾಲಿಡೋನಿಯಾ 1905ರಿಂದಲೇ ತನ್ನ ಕಾಗು ಹಕ್ಕಿಯನ್ನು ಚೀಟಿಗಳಲ್ಲಿ ಅಚ್ಚು ಹಾಕಿಸುತ್ತ ಬಂದಿದೆ. ಬೂದು ಮೈಯ, ಕೆಂಪು ಕಾಲಿನ, ಸರಿಯಾಗಿ ಹಾರಲಾರದ ಆ ಹಕ್ಕಿ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅದರ ಚೀಟಿ ಹೊತ್ತು ಆ ದ್ವೀಪದಿಂದ ಹೊರಟ ಹಳೆಯ ಲಕೋಟೆ ಕೈಗೆ ಸಿಕ್ಕರೆ, ಭೂತಗನ್ನಡಿ ಹಿಡಿದು ಮುದ್ರೆಯಲ್ಲಿರುವ ಊರು, ತಾರೀಕುಗಳನ್ನು ಓದಿ; ಹಿಂಬದಿಯಲ್ಲಿ ತಲುಪಿದ ಊರಿನ ಮುದ್ರೆಯಿದೆಯೇ ನೋಡಿ. ಅಂಥ ಲಕೋಟೆಯಿಂದ ಚೀಟಿಯನ್ನು ಕತ್ತರಿಸುವುದಾಗಲಿ, ನೀರಿಗೆ ಹಾಕಿ ಬಿಡಿಸುವುದಾಗಲಿ ಎಂದೂ ಕೂಡದು.

ಕೊಳ್ಳುವಾಗ ಎಚ್ಚರ ಬೇಕು. ಗಿಳಿ, ಮಂಗಟ್ಟೆ, ಗೂಬೆಗಳಂಥ ಜನಪ್ರಿಯ ಹಕ್ಕಿಗಳ ಚಿತ್ರ ಹಾಕಿ, ಯಾವುದೋ ದೇಶದ ಹೆಸರಿನಲ್ಲಿ ಆ ದೇಶದ ಅಂಚೆ ಇಲಾಖೆಗೆ ತಿಳಿಯದಂತೆಯೇ ಅಚ್ಚು ಮಾಡಿದ ಹಾಳೆಗಳು ಮಾರಾಟಕ್ಕಿವೆ. ಸಾರ್ವತ್ರಿಕ ಅಂಚೆ ಒಕ್ಕೂಟವು 2002ರಿಂದೀಚಿನ ಅಧಿಕೃತ ಚೀಟಿಗಳಿಗೆ ಸಂಖ್ಯೆ ಕೊಟ್ಟು ದಾಖಲಿಸುವ ವ್ಯವಸ್ಥೆಯನ್ನು ನಡೆಸುತ್ತದೆ. ಎಲ್ಲ ದೇಶಗಳೂ ಅದರಲ್ಲಿ ಪಾಲ್ಗೊಳ್ಳದಿರುವುದರಿಂದ ಅಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಚೀಟಿ ನಕಲಿಯಲ್ಲ. ಸ್ಟ್ಯಾನ್ಲಿ ಗಿಬ್ಬನ್ಸ್, ಸ್ಕಾಟ್ ಅಥವಾ ಮಿಷೆಲ್ ಕ್ಯಾಟಲಾಗಿನಲ್ಲೂ ಅದು ಸಿಗದಿದ್ದರೆ ಕೊಳ್ಳದಿರುವುದೇ ಲೇಸು. ಹಕ್ಕಿ ಬದುಕುವುದು ಒಂದು ಖಂಡದಲ್ಲಿ, ಚೀಟಿ ಹೊರಡಿಸಿದ ದೇಶ ಇನ್ನೊಂದು ಖಂಡದಲ್ಲಿ ಎಂದಾದರೆ ಎರಡು ಸಲ ಯೋಚಿಸಿ.

ಇನ್ನು ಜೋಪಾನದ ವಿಷಯ. ಚೀಟಿಯನ್ನು ಬೆರಳಿನಿಂದ ಮುಟ್ಟದೆ, ತುದಿ ಚಪ್ಪಟೆಯಾದ ಚಿಮುಟದಿಂದ ಎತ್ತಬೇಕು. ಬಳಸದ ಚೀಟಿಯ ಹಿಂಬದಿಯ ಅಂಟು ಕೆಡುವುದರಿಂದ ಅದಕ್ಕೆ ಹಿಂಜ್ (ಅಂಟು ಸವರಿದ ಪುಟ್ಟ ಕಾಗದದ ಪಟ್ಟಿ) ಅಂಟಿಸದೆ ಮೌಂಟ್ (ಚೀಟಿಯನ್ನು ಒಳಗಿಡುವ ಪಾರದರ್ಶಕ ಹೊದಿಕೆ) ಬಳಸಿ. ಪಿವಿಸಿ ಪ್ಲಾಸ್ಟಿಕ್ಕಿನ ಚೀಲಗಳಲ್ಲಿ ನಾನಿಟ್ಟಿದ್ದ ಲಕೋಟೆಗಳು ಕೆಲವು ವರ್ಷಗಳಲ್ಲಿ ಚೀಲಕ್ಕೇ ಅಂಟಿಕೊಂಡು, ಬಿಡಿಸುವಾಗ ಮುದ್ರೆಯ ಶಾಯಿಯೂ ಎದ್ದುಬಂತು. ಅಂದಿನಿಂದ ಪಾಲಿಯೆಸ್ಟರ್ ಇಲ್ಲವೇ ಪಾಲಿಪ್ರೊಪಿಲೀನ್ ಚೀಲಗಳನ್ನಷ್ಟೇ ಬಳಸುತ್ತಿದ್ದೇನೆ. ತೇವ ಹೆಚ್ಚಿದರೆ ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದೆ. ಆಲ್ಬಮ್‌ಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಟ್ಟು, ಆಗಾಗ ತೆರೆದು ಗಾಳಿಯಾಡಿಸಿ.