ಬಿಯರ್ ಕೆಟ್ಟಿದೆಯಾ? ಸಿಂಕಿಗೆ ಸುರಿಯುವ ಮುನ್ನ

ಅಮೆರಿಕದಲ್ಲಿರುವ ನನ್ನ ಕನ್ನಡದ ಗೆಳೆಯರು ಆಗಾಗ ಮನೆಯಲ್ಲೇ ಬಿಯರ್ ಹುದುಗಿಸಲು ಇಟ್ಟ ಬಕೆಟ್‌ನ ಫೋಟೊ ಕಳಿಸುತ್ತಾರೆ. 'ಬಿಯರ್ ಮೇಲೆ ಏನೋ ತೇಲ್ತಿದೆ, ಕೆಟ್ಟಿತಾ?' ನಾನು ಉತ್ತರ ಬರೆಯುವಷ್ಟರಲ್ಲಿ ಚೆಲ್ಲಿಯೂ ಆಗಿರುತ್ತದೆ. ಎಷ್ಟೋ ಸಲ ಅದು ಒಳ್ಳೆಯ ಬಿಯರೇ. (ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಊರಿನವರು ಸುಮ್ನೆ ಓದಿಕೊಳ್ಳಿ.)

1. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೀರು ಕುದಿದು ಆರಿದ ಮೇಲೆ ಅದಕ್ಕೆ ತಾಗುವ ಪ್ರತಿಯೊಂದನ್ನೂ ಸ್ಯಾನಿಟೈಜರ್‌ನಲ್ಲಿ ಅದ್ದಿ. ಘಮಘಮ ಪಾತ್ರೆ ಸೋಪು ಬೇಡವೇ ಬೇಡ, ವಾಸನೆ ಉಳಿಯುತ್ತದೆ. ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್ ಬಟ್ಟೆ ನೆನೆಸಲಿಕ್ಕೆ ಇಟ್ಟುಕೊಳ್ಳಿ. ಆ ಗೀರುಗಳಲ್ಲೇ ಬ್ಯಾಕ್ಟೀರಿಯಾ ಕೂರುವುದು.

2. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವುದು ಯೀಸ್ಟ್. ಏಲ್ (ಬೆಚ್ಚಗೆ ಹುದುಗುವ ಬಿಯರ್) ಆದರೆ ಅದರ ಯೀಸ್ಟ್ ಹಾಕಿ, 18-20 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ.

3. ಈಗ ಮೇಲ್ಭಾಗ ನೋಡುವ ಕೆಲಸ. ಎಡವುವುದು ಇಲ್ಲೇ. ಮೊದಲ ಕೆಲವು ದಿನ ದಪ್ಪ ನೊರೆ ಏಳುತ್ತದೆ, ಅದರಲ್ಲಿ ಕಂದು, ಹಸಿರು ಚೂರುಗಳಿರುತ್ತವೆ. ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಮತ್ತು ಯೀಸ್ಟಿನ ಕಸ ಅದು. ನೊರೆ ಇಳಿದ ಮೇಲೆ ಬಕೆಟ್ ಸುತ್ತ ಕೊಳಕು ಬಳೆಯಂತೆ ಅಂಟಿಕೊಳ್ಳುತ್ತದೆ. ಅದನ್ನು ಕೆರೆಯಬೇಡಿ. ನಡುವೆ ಕೆನೆಬಣ್ಣದ ಒದ್ದೆ ಗಡ್ಡೆಗಳು ತೇಲಿದರೆ ಅವೂ ಯೀಸ್ಟೇ. ಬಕೆಟ್ ಮೆಲ್ಲಗೆ ಅಲ್ಲಾಡಿಸಿದರೆ ಸಾಮಾನ್ಯವಾಗಿ ಒಡೆದು ಮುಳುಗುತ್ತವೆ.

ಆರಿದ ಹಾಲಿನ ಕೆನೆಯ ಹಾಗೆ ತೆಳ್ಳಗಿನ ಬಿಳಿ ಪೊರೆ, ಮೇಲೆ ಸುಕ್ಕು, ಅಡಿಯಲ್ಲಿ ಸಿಕ್ಕಿಕೊಂಡ ದೊಡ್ಡ ಗುಳ್ಳೆಗಳು: ಹೀಗಿದ್ದರೆ ಕಾಡು ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಸೇರಿದೆ. ಬೆಲ್ಜಿಯಂನ ಲ್ಯಾಂಬಿಕ್ ಎಂಬ ಹುಳಿ ಬಿಯರ್‌ನಲ್ಲಿ ಈ ಪೊರೆಯನ್ನು ಬರಲಿ ಎಂದೇ ಬಿಡುತ್ತಾರೆ, ಆದರೆ ನೀವು ಮಾಡಹೊರಟಿದ್ದು ಅದಲ್ಲವಲ್ಲ. ಒಣಗಿದ, ರೋಮ ರೋಮವಾದ ನೀಲಿ, ಹಸಿರು, ಕಪ್ಪು ಚುಕ್ಕೆ ಕಂಡರೆ ಬೂಷ್ಟು. ಅದಕ್ಕೆ ಮಾತಿಲ್ಲ, ಚೆಲ್ಲಿ.

4. ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆಗೆ ಹೆದರಬೇಡಿ. ಲಾಗರ್ (ತಂಪಿನಲ್ಲಿ ಹುದುಗುವ ಬಿಯರ್) ಯೀಸ್ಟಿನಲ್ಲಿ ಅದು ಮಾಮೂಲಿ, ದಿನ ಕಳೆದಂತೆ ಹೋಗುತ್ತದೆ. ಬೆಣ್ಣೆ ವಾಸನೆ ಬಂದರೆ ಎರಡು ದಿನ ಸ್ವಲ್ಪ ಬೆಚ್ಚಗಿಡಿ, ಯೀಸ್ಟೇ ಅದನ್ನು ತಿಂದು ಮುಗಿಸೀತು. ವಿನೆಗರ್ ವಾಸನೆ ಮಾತ್ರ ವಾಪಸ್ ಹೋಗುವುದಿಲ್ಲ. ಗಾಳಿ ಒಳಗೆ ಹೋಗಿದೆ ಎಂದರ್ಥ. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುವವರಿಗೆ ಇದು ಜಾಸ್ತಿ.

5. ಹೈಡ್ರೋಮೀಟರ್ ಕೊಳ್ಳಿ. ನೀರು 1.000 ಎಂದಿಟ್ಟುಕೊಂಡು ಬಿಯರಿನ ಸಾಂದ್ರತೆ ಅಳೆಯುವ ಸಾಧನ ಅದು, ಸಕ್ಕರೆ ಕರಗಿದಷ್ಟೂ ಅಂಕಿ ಇಳಿಯುತ್ತದೆ ಅಲ್ಲ, ಏರುತ್ತದೆ; ಯೀಸ್ಟ್ ತಿಂದಂತೆ ಇಳಿಯುತ್ತದೆ. ಏರ್‌ಲಾಕ್‌ನ (ಒಳಗಿನ ಅನಿಲ ಹೊರಬಿಟ್ಟು ಗಾಳಿ ತಡೆಯುವ ನಳಿಕೆ) ಗುಳುಗುಳು ನಂಬಿ ಕೂರಬೇಡಿ, ಮುಚ್ಚಳ ಸಡಿಲವಿದ್ದರೂ ಅದು ನಿಲ್ಲುತ್ತದೆ. 1.050ರಿಂದ ಶುರುವಾದ ಸಾಧಾರಣ ಏಲ್ 1.010ರ ಆಸುಪಾಸಿಗೆ ಬಂದು, ಮೂರು ದಿನ ಅಲ್ಲೇ ನಿಂತರೆ ಬಾಟಲಿಗೆ ತುಂಬಬಹುದು. ವಾರಗಳಾದರೂ ಇಳಿಯುತ್ತಲೇ ಇದ್ದು 1.002 ತಲುಪಿದರೆ, ನೀವು ಹಾಕದ ಯಾವುದೋ ಜೀವಿ ಉಳಿದ ಸಕ್ಕರೆ ತಿನ್ನುತ್ತಿದೆ ಎಂದು ಅನುಮಾನಿಸಿ. ಅಂಥದ್ದನ್ನು ಬಾಟಲಿಗೆ ತುಂಬಿದರೆ ಅನಿಲದ ಒತ್ತಡಕ್ಕೆ ಗಾಜು ಸಿಡಿಯಬಹುದು. ನಾನು ಒಮ್ಮೆ ಅಂಥದ್ದಕ್ಕೇ ಗುಳ್ಳೆ ಬರಲೆಂದು ಸಕ್ಕರೆ ಬೇರೆ ಹಾಕಿ ತುಂಬಿಟ್ಟಿದ್ದೆ. ರಾತ್ರಿ ಎರಡಕ್ಕೆ ಗ್ಯಾರೇಜಿನಲ್ಲಿ ಮೊದಲ ಬಾಟಲಿ ಹೋಯಿತು, ಬೆಳಗಾಗುವಷ್ಟರಲ್ಲಿ ಇನ್ನೂ ಮೂರು.