ದೂರಿನ ಕೀರ್ತನೆ, ಹಪ್ತೆಯ ವಹಿ: ನನ್ನ ಅನುಭವ

ಹೊಸ ವರ್ಷಕ್ಕೆ ದೇವರ ವಾಗ್ದಾನದ ವಚನ ಇರುವ ಕಾರ್ಡ್ ಅಚ್ಚು ಹಾಕುವವನೇ ದಿನಾ ಬೆಳಿಗ್ಗೆ ಬೈಬಲಿನ ಅಳುವ ಕೀರ್ತನೆ, ಅಂದರೆ ದೇವರಿಗೇ ದೂರು ಹೇಳುವ ಹಾಡು, ಓದಿದರೆ ಹೇಗೆ ಅಂತ ನಮ್ಮ ಚರ್ಚಿನ ಸಭೆಯಲ್ಲಿ ಬಹಳ ಜನ ಕೇಳಿದರು. ಇದ್ದ ನಂಬಿಕೆಯೂ ಹೋಗುತ್ತದೆ ಅಂದರು ನಮ್ಮ ಭಾವ. ಈಗ ಅವರೇ ಫೋನ್ ಮಾಡಿ, "ತಮ್ಮಾ, ಯಾವ ಕೀರ್ತನೆಯಿಂದ ಶುರು ಮಾಡ್ಲಿ?" ಅಂತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಟಗೇರಿಯಲ್ಲಿ ನನ್ನದು ಸಣ್ಣ ಪ್ರೆಸ್. ಲಗ್ನಪತ್ರಿಕೆಯೇ ಹೊಟ್ಟೆಪಾಡು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಿತ್ತು, ಆ ಬೇಸಿಗೆಯ ಸೀಜನ್ ಪೂರ್ತಿ ಹೋಯಿತು. ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮಷೀನಿನ ಸಾಲ 4.5 ಲಕ್ಷದ ಹತ್ತಿರ ಇತ್ತು. ಹಪ್ತೆ, ಅಂದರೆ ಸಾಲದ ಕಂತು, 13 ಸಾವಿರದ ಆಸುಪಾಸು. ಕೊಡಬೇಕಾದವರು ಫೋನ್ ಎತ್ತುತ್ತಿರಲಿಲ್ಲ, ಫೈನಾನ್ಸಿನವರು ಬಿಡುತ್ತಿರಲಿಲ್ಲ.

ಎಲ್ಲರೂ ಮಾಡುವುದನ್ನೇ ಮೊದಲು ನಾನೂ ಮಾಡಿದೆ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಎರಡು ತಾಸು ಹಗುರ ಆಗುತ್ತಿತ್ತು. ಶನಿವಾರ ಮತ್ತೆ ಅದೇ ಎದೆಭಾರ. ವಾಟ್ಸಾಪಿನಲ್ಲಿ ದಿನಕ್ಕೊಂದು ವಾಗ್ದಾನ ಬರುತ್ತಿತ್ತು, ಆಮೆನ್ ಅಂತ ಹಾಕಿ ಮುಂದೆ ಕಳಿಸುತ್ತಿದ್ದೆ. ಒಂದು ಪ್ರಾರ್ಥನಾ ಕೂಟದಲ್ಲಿ, ಕಾಣಿಕೆ ಬಿತ್ತಿದರೆ ನೂರರಷ್ಟು ಬರುತ್ತದೆ ಅಂದರು. ಸುಮಾರು 5 ಸಾವಿರ ಕೊಟ್ಟೆ, ಪೇಪರ್ ಅಂಗಡಿಗೆ ಅಂತ ಎತ್ತಿಟ್ಟ ಹಣ. ನೂರರಷ್ಟು ಇರಲಿ, ಪೇಪರ್ ಅಂಗಡಿಯವರು ಉದ್ರಿ ಕೊಡುವುದನ್ನೇ ನಿಲ್ಲಿಸಿದರು.

ಕಣ್ಣು ತೆರೆದದ್ದು ಕಾರ್ಡಿನ ಪ್ರೂಫ್ ನೋಡುವಾಗ. ಕಾರ್ಡ್‌ಗಳಲ್ಲಿ ಜಾಸ್ತಿ ಓಡುವುದು ಬೈಬಲಿನ ಯೆರೆಮೀಯ ಪ್ರವಾದಿಯ ಪುಸ್ತಕದ 29:11. ನಿಮಗೆಲ್ಲ ಬಾಯಿಪಾಠ ಇರುತ್ತದೆ, ಒಳ್ಳೆಯ ಗತಿ, ನಿರೀಕ್ಷೆ ಕೊಡುತ್ತೇನೆ ಅಂತ ದೇವರು ಹೇಳುವ ಮಾತು. ಅವತ್ತು ಹಿಂದಿನ ವಚನವನ್ನೂ ಓದಿದೆ. 70 ವರ್ಷ ಆದ ಮೇಲೆ ಅಂತ ಇದೆ! ಅದು ಬಾಬಿಲೋನಿಗೆ ಸೆರೆ ಹೋದ ಯೆಹೂದ್ಯರಿಗೆ ಬರೆದ ಕಾಗದ. ಅಲ್ಲಿವರೆಗೆ ಏನು ಮಾಡಬೇಕು ಅಂತ ಐದನೆಯ ವಚನದಲ್ಲಿದೆ: ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ. ಇದನ್ನು ಮಾತ್ರ ಯಾರೂ ಕಾರ್ಡಿಗೆ ಹಾಕಿಸುವುದಿಲ್ಲ.

ಆಮೇಲೆ ಹೀಗೆ ಮಾಡಿದೆ. ಶಟರ್ ಅರ್ಧ ಇಳಿಸಿ, ಸತ್ಯವೇದದ (ಬೈಬಲಿನ) ಪಕ್ಕ ಸಾಲದ ವಹಿ ತೆರೆದಿಟ್ಟು, ಒಂದು ದೂರಿನ ಕೀರ್ತನೆ ಗಟ್ಟಿಯಾಗಿ ಓದುವುದು. ಇವಕ್ಕೇನು ಬರವಿಲ್ಲ, ಕೀರ್ತನೆಗಳ ಪುಸ್ತಕದ 150ರಲ್ಲಿ ಸುಮಾರು ಮೂರರಲ್ಲೊಂದು ಪಾಲು ಇಂಥವೇ. ಶುರುವಿಗೆ 13ನೆಯದು ಒಳ್ಳೆಯದು. ಆರೇ ವಚನ, ನಾಲ್ಕು ಸಲ 'ಎಷ್ಟು ದಿನ' ಅಂತ ಕೇಳಿ ಕೊನೆಗೆ ಹಾಡುತ್ತದೆ. ವೈರಿ ಅಂತ ಬಂದಲ್ಲಿ ನಾನು ವಹಿಯ ಸಾಲು ಓದುತ್ತಿದ್ದೆ, ರೂಪಾಯಿ ಸಮೇತ. ಪೂರ್ತಿ ಸಾಲ ತೀರಿಸು ಅಂತ ಕೇಳುತ್ತಿರಲಿಲ್ಲ. ಬೈಬಲಿನಲ್ಲಿ ಇಸ್ರಾಯೇಲರಿಗೆ ಅರಣ್ಯದಲ್ಲಿ ಆಕಾಶದಿಂದ ಮನ್ನಾ ಅನ್ನುವ ಆಹಾರ ಬಿದ್ದಾಗ ನಾಳೆಗೆ ಅಂತ ಉಳಿಸಿಕೊಂಡದ್ದಕ್ಕೆ ಹುಳ ಬಿತ್ತು, ಅಲ್ವಾ? ಇವತ್ತಿನ ಪಾಲಷ್ಟೇ ಕೇಳುವುದು. ನಿನ್ನೆ ಸಿಕ್ಕ ಒಂದು ಉಪಕಾರವನ್ನು ವಹಿಯ ಜಮಾ ಕಡೆ ಬರೆಯುವುದು. ಆಮೇಲೆ ಎದ್ದು ಒಂದು ಗಿಡ ನೆಡುವುದು, ಅಂದರೆ ಒಂದು ಹೊಸ ಆರ್ಡರ್ ಕೇಳಿಕೊಂಡು ಹೋಗುವುದು. ಮೆಡಿಕಲ್ ಅಂಗಡಿಗಳ ಬಿಲ್ ಬುಕ್ ಸಿಕ್ಕಿದ್ದು ಹೀಗೆ. ತಿಂಗಳಿಗೆ 6-7 ಸಾವಿರ ಬರತೊಡಗಿತು.

ದೂರುವುದು ಅವಿಶ್ವಾಸ ಅಂದವರಿಗೆ ನನ್ನ ಉತ್ತರ ಒಂದೇ: ಯೇಸುಸ್ವಾಮಿ ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತು, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಅಂತ. ಇದಕ್ಕೆ ನಮ್ಮ ಭಾವ ಇನ್ನೂ ಉತ್ತರ ಕೊಟ್ಟಿಲ್ಲ.

ಮಧ್ಯೆ ಸುಮ್ನೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕೀರ್ತನೆಯನ್ನು ನಮ್ಮ ಮಾತಿನಲ್ಲೇ, "ಇನ್ನೆಷ್ಟ ದಿನಾ ಯಪ್ಪಾ" ಅಂತ ಹೇಳಿ ನೋಡಿದೆ. ಚೆನ್ನಾಗಿ ಕೆಲಸ ಮಾಡಿತು, ಆದರೆ ಒಳಗಿದ್ದ ಹೆಂಡತಿ ಗಾಬರಿಯಾಗಿ ಓಡಿ ಬಂದಳು. ಬೈಬಲಿನಲ್ಲೇ ಇರುವ ಪ್ರಲಾಪಗಳು ಅನ್ನುವ ಗೋಳಿನ ಪುಸ್ತಕವನ್ನು ಒಂದೇ ಕೂತಲ್ಲಿ ಓದಿದೆ. ಐದೇ ಅಧ್ಯಾಯ, ಆದರೆ ಅವತ್ತು ಕೆಲಸ ಆಗಲಿಲ್ಲ. ದಿನಾ ಬೆಳಿಗ್ಗೆ ಹೊಸದಾಗುವ ಕರುಣೆಯ ಮಾತು ಮೂರನೆಯ ಅಧ್ಯಾಯದ 22-23ರಲ್ಲಿದೆ, ಆ ಪುಸ್ತಕದ ನಟ್ಟನಡುವೆ. ಅದನ್ನಷ್ಟೇ ಹೆಕ್ಕಿಕೊಂಡರೆ ಮತ್ತೆ ಕಾರ್ಡೇ ಆಯಿತು.

ಸಾಲ ಪವಾಡದಿಂದ ತೀರಲಿಲ್ಲ. ಹೆಂಡತಿಯ ಎರಡು ಬಳೆ ಅಡವಿಟ್ಟು, ಬಿಲ್ ಬುಕ್ ಹೊಡೆದು 2023ರ ಹೊತ್ತಿಗೆ ಮುಗಿಸಿದೆ. ಬಳೆ ಒಂದೇ ಬಿಡಿಸಿದ್ದೇನೆ. ಆದರೆ ನಿದ್ದೆ ಮಾತ್ರ ಎರಡು-ಮೂರು ತಿಂಗಳಲ್ಲೇ ಬಂತು. ಹಪ್ತೆ ಎರಡು ಬಾಕಿ ಇದ್ದಾಗಲೂ ಬೆಳಿಗ್ಗೆ ಶಟರ್ ಎತ್ತುವ ಮನಸ್ಸಿತ್ತು. ನಮ್ಮ ಬೀದಿಯಲ್ಲಿ ಆಗ ಅದೇ ದೊಡ್ಡದು.

ಬಾಕಿ ವಸೂಲಿಗೆ ಹೋಗುವ ಮುಂಚೆ ಯಾವ ಕೀರ್ತನೆ ಓದುತ್ತೇನೆ ಅಂತ ಕೇಳಬೇಡಿ, ಅದು ನನ್ನ ಗುಟ್ಟು. ಇನ್ನೊಂದು, 88ನೆಯದನ್ನು ಮೊದಲ ವಾರ ಮುಟ್ಟಬೇಡಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಓದಲೇಬೇಕಾದ ದಿನ ಬಂದರೆ ಜೊತೆಗೆ ಯಾರನ್ನಾದರೂ ಕೂರಿಸಿಕೊಂಡು ಓದಿ. ನನ್ನ ಜೊತೆ ಹೆಂಡತಿ ಕೂತಿದ್ದಳು.